ಸಾಲಿನ ಕೊನೆಯ ಟಿಣ್

ಹೆದರುವುದಕ್ಕೂ ಒಂದು ವೇಳಾಪಟ್ಟಿ ಇರಬೇಕೆಂದು ನಂಬಿದವಳು ನಾನು. ಬೆಳಿಗ್ಗೆ ಐದಕ್ಕೆ ಎದ್ದ ಕೂಡಲೇ ನಲ್ಲಿಯಲ್ಲಿ ನೀರು ಬಂದಿದೆಯೋ ಇಲ್ಲವೋ ಎಂಬ ಭಯ. ಅದು ಐದೂಕಾಲಿಗೆ ಮುಗಿಯಬೇಕು. ಏಳಕ್ಕೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಭಯ. ಗೇಟಿನ ತನಕ ಹೋಗಿ, ಹಿಂದಿರುಗಿ, ಅಡುಗೆಮನೆ ನೋಡಿ ಬರಲು ಎರಡು ನಿಮಿಷವನ್ನು ನಾನು ಮೊದಲೇ ತೆಗೆದಿಟ್ಟಿರುತ್ತಿದ್ದೆ. ಏಳೂ ಇಪ್ಪತ್ತಕ್ಕೆ ಅಂಕೋಲೆಯ ಬಸ್ಸು ತಪ್ಪೀತೆಂಬ ಭಯ, ಬಸ್ಸು ಸಿಕ್ಕ ಮೇಲೆ ಎಡಗಡೆಯ ಮೂರನೇ ಸೀಟಿನಲ್ಲಿ ಬೇರೆ ಯಾರಾದರೂ ಕೂತಿರಬಹುದೆಂಬ ಭಯ. ಹೀಗೆ ಒಂದೊಂದಕ್ಕೆ ಒಂದೊಂದು ಹೊತ್ತು ಕೊಟ್ಟು, ಉಳಿದ ಸಮಯದಲ್ಲಿ ಯಾರಿಗೂ ಹೆದರದೆ ಬದುಕಿದ್ದೆ. ಜನ ನನಗೇ ಹೆದರುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿರುವಾಗ ಒಂದು ಭಯ ವೇಳಾಪಟ್ಟಿಯ ಹೊರಗಿನಿಂದ ಬಂತು. ಬೆಳಿಗ್ಗೆ, ಮಧ್ಯಾಹ್ನ, ಊಟದ ನಡುವೆ, ಯಾವಾಗೆಂದರೆ ಆವಾಗ ಬಂದು ಎದುರು ಕೂರತೊಡಗಿತು. ಅದರ ಕತೆಯನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಈಗ ಹೇಳಿದರೆ ಪಿಂಚಣಿಗೇನೂ ಧಕ್ಕೆಯಿಲ್ಲವೆಂದು ವಿಚಾರಿಸಿಕೊಂಡೇ ಬರೆಯುತ್ತಿದ್ದೇನೆ.

ಅಂಕೋಲೆಯ ಒಂದು ವಾಣಿಜ್ಯ ಕಾಲೇಜಿನಲ್ಲಿ ನಾನು ಟೈಪಿಂಗ್ ಮತ್ತು ಕಚೇರಿ ನಿರ್ವಹಣೆ ಕಲಿಸುತ್ತಿದ್ದೆ. ಮನೆ ಕಾರವಾರದ ಕಾಜೂಬಾಗದಲ್ಲಿ. ನಾನು ಕಲಿತದ್ದೂ ಕಾರವಾರದಲ್ಲೇ, ಪ್ರಭು ಮಾಸ್ತರರ ಟೈಪಿಂಗ್ ಶಾಲೆಯಲ್ಲಿ. ಮಾಸ್ತರರು ಕೀಲಿಗಳ ಮೇಲೆ ಒಂದು ಪಂಚೆಯ ತುಂಡು ಹೊದಿಸಿ, ಅದರಡಿ ನಮ್ಮ ಕೈ ತೂರಿಸಿ, ‘ಕಣ್ಣು ಕಾಗದದ ಮೇಲೆ, ಬೆರಳು ದೇವರ ಮೇಲೆ’ ಎನ್ನುತ್ತಿದ್ದರು. ಬೆರಳು ತಪ್ಪಿದರೆ ಪಂಚೆಯ ಮೇಲಿಂದಲೇ ಫೂಟುಪಟ್ಟಿ ಬೀಳುತ್ತಿತ್ತು. ಯಾವ ಬೆರಳು ತಪ್ಪಿತೋ ಸರಿಯಾಗಿ ಅದೇ ಬೆರಳಿಗೆ. ಟೈಪ್‌ರೈಟರನ್ನು ಕಂಡರಿಯದ ಓದುಗರಿಗೆ ಒಂದು ಮಾತು ಹೇಳಬೇಕು. ಆ ಯಂತ್ರದ ಹೊಟ್ಟೆಯಲ್ಲಿ ಒಂದು ಪುಟ್ಟ ಗಂಟೆ ಇರುತ್ತದೆ. ಸಾಲು ಮುಗಿಯಲು ಆರೇಳು ಅಕ್ಷರ ಉಳಿದಿರುವಾಗ ಅದು ‘ಟಿಣ್’ ಎನ್ನುತ್ತದೆ. ಕೈಯಲ್ಲಿದ್ದ ಪದ ಮುಗಿಸಿ, ಎಡಗೈಯಿಂದ ಸನ್ನೆಕೋಲು ದೂಡಿದರೆ ಕಾಗದ ಮೇಲೇರಿ ಹೊಸ ಸಾಲು ಶುರು. ಮಾಸ್ತರರ ಪ್ರಕಾರ ಮನುಷ್ಯನಿಗೆ ದೇವರು ಇಡಲು ಮರೆತದ್ದು ಅದೊಂದೇ. ‘ಒಳಗೊಂದು ಗಂಟೆಯಿದ್ದಿದ್ದರೆ ಎಷ್ಟು ಜನ ಮಾತು ನಿಲ್ಲಿಸುತ್ತಿದ್ದರು!’ ಎಂದು ಅವರು ಮುಕ್ಕಾಲು ಗಂಟೆ ವಿವರಿಸುತ್ತಿದ್ದರು. ನನಗಂತೂ ಆ ಗಂಟೆ ಒಳಗೇ ಇಳಿದಿತ್ತು. ಚಪಾತಿ ಹಿಟ್ಟು ನಾದುವಾಗಲೂ ಅರವತ್ತು ಗುದ್ದಿಗೆ ನನ್ನ ಎಡಗೈ ತಾನಾಗಿ ಬದಿಗೆ ಹೋಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ಜೂನ್ ತಿಂಗಳಲ್ಲಿ ಪ್ರಾಂಶುಪಾಲರು ನನ್ನನ್ನು ಕರೆದು, “ಆಫೀಸುಗಳೆಲ್ಲ ಬದಲಾಗ್ತಾ ಇವೆ ಮೇಡಂ. ನಾಳೆ ನಮ್ಮ ಮಕ್ಕಳು ಕೆಲಸಕ್ಕೆ ಹೋದಲ್ಲಿ ಟೈಪ್‌ರೈಟರ್ ಇರೂದಿಲ್ಲ. ಈಗಿಂದ್ಲೇ ತಯಾರು ಮಾಡಬೇಕು” ಎಂದರು. ನಾನು ಹೌದೆಂದೆ. ಯಾರಾದರೂ ಮಾಡಬೇಕಾದ್ದೇ. “ಅದಕ್ಕೇ ನಿಮ್ಮ ಹೆಸರು ಹಾಕಿದೀನಿ” ಎಂದರು. ನನಗೆ ಕಂಪ್ಯೂಟರಿನ ಗಂಧಗಾಳಿಯೂ ಇಲ್ಲವೆಂದೆ. “ಕೀಲಿಗಳು ಅವೇ ಅಲ್ವಾ? ಮೇಲೊಂದು ಟೀವಿ ಇಟ್ಟಿದ್ದಾರೆ, ಅಷ್ಟೇ” ಎಂದು ಸಮಾಧಾನ ಹೇಳಿದರು. ನಾನೇ ನೀಲಿ ಬಟ್ಟೆಯ ಗೌಸು ಹೊಲಿದು ಹಾಕಿದ್ದ ಹತ್ತು ಟೈಪ್‌ರೈಟರುಗಳು ಗೌಸಿನ ಸಮೇತ ಉಗ್ರಾಣಕ್ಕೆ ಹೋದವು. ಅವುಗಳ ಜಾಗದಲ್ಲಿ ಆರು ಕಂಪ್ಯೂಟರುಗಳು ಬಂದು ಕೂತವು. ಮೂರು ದಿನದ ತರಬೇತಿಗೆ ಹುಬ್ಬಳ್ಳಿಗೆ ಹೋಗಿ ಬಂದೆ. ಅಲ್ಲಿ ಕಲಿಸಿದವನು ನನ್ನ ವಿದ್ಯಾರ್ಥಿಗಳ ವಯಸ್ಸಿನವನು. ಅವನು ಹೇಳಿದ್ದೆಲ್ಲ ಬರೆದುಕೊಂಡು ನಲವತ್ತು ಪುಟ ತುಂಬಿಸಿದೆ. ಅದರಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಎರಡು ಗೆರೆ ಎಳೆದ ವಾಕ್ಯವೊಂದಿತ್ತು: ‘ಹೊಸ ಸಾಲು ಬೇಕಾದಾಗ ಎಂಟರ್ ಒತ್ತಬೇಕು.’ ನಲವತ್ತು ಪುಟಗಳಲ್ಲಿ ನನಗೆ ಪೂರ್ತಿ ಅರ್ಥವಾದ ವಾಕ್ಯ ಅದೊಂದೇ. ಓಹೋ, ಟೈಪ್‌ರೈಟರಿನ ಸನ್ನೆಕೋಲು ಇದೇ, ಎಂದುಕೊಂಡೆ.

ಉಳಿದದ್ದೆಲ್ಲ ಭಯ. ಇಲಿ ಎಂದು ಕರೆಯುವ ಆ ವಸ್ತುವನ್ನು ಮುಟ್ಟಿದರೆ ಬಾಣ ಪರದೆಯಿಂದ ಹೊರಬಿದ್ದು ಎಲ್ಲಿಗೆ ಹೋಗುತ್ತದೋ ಎಂದು ಭಯ. ಬರೆದದ್ದು ಉಳಿಯುವುದೋ ಇಲ್ಲವೋ ಎಂದು ಭಯ. ಟೈಪ್‌ರೈಟರಿನಲ್ಲಾದರೆ ಕಾಗದದ ಮೇಲೆ ಬಿದ್ದ ಅಕ್ಷರ ಯಮ ಬಂದರೂ ಹೋಗುತ್ತಿರಲಿಲ್ಲ. ಅಂಕೋಲೆಯಲ್ಲಿ ಕರೆಂಟು ಹೋಗುವುದು ಬರುವುದಕ್ಕಿಂತ ಜಾಸ್ತಿ. ಹೋದಾಗಲೆಲ್ಲ ಮೇಜಿನ ಕೆಳಗಿನ ಬ್ಯಾಟರಿ ಪೆಟ್ಟಿಗೆ ಕುಂಯ್ ಕುಂಯ್ ಎನ್ನುತ್ತಿತ್ತು. ನಾನು ರಾಮರಕ್ಷೆ ಹೇಳಿಕೊಳ್ಳುತ್ತಿದ್ದೆ. ಎಲ್ಲಕ್ಕಿಂತ ದೊಡ್ಡ ಭಯವೆಂದರೆ ಮಕ್ಕಳಿಗೆ ನನ್ನ ಭಯ ಗೊತ್ತಾದೀತೆಂಬುದು. ಆದ್ದರಿಂದ ಮೊದಲಿಗಿಂತ ದುಪ್ಪಟ್ಟು ಗದರುತ್ತಿದ್ದೆ.

ಈ ಯಂತ್ರದಲ್ಲಿ ನನ್ನನ್ನು ಕಂಗೆಡಿಸಿದ ಮುಖ್ಯ ಕೊರತೆಯೆಂದರೆ ಗಂಟೆ. ಸಾಲು ಮುಗಿಯುತ್ತಿದೆ ಎಂದು ಹೇಳುವವರೇ ಇಲ್ಲ! ಎಲ್ಲಿ ನಿಲ್ಲಿಸಬೇಕೆಂದು ಮಕ್ಕಳಿಗೆ ಹೇಗೆ ತಿಳಿಯಬೇಕು? ಎರಡು ದಿನ ಯೋಚಿಸಿ ಒಂದು ವ್ಯವಸ್ಥೆ ಮಾಡಿದೆ. ಆರೂ ಪರದೆಗಳ ಮೇಲೆ, ಅರವತ್ತನೇ ಅಕ್ಷರ ಬರುವ ಜಾಗದಲ್ಲಿ, ಮೇಲಿನಿಂದ ಕೆಳಗೆ ಒಂದು ಕೆಂಪು ದಾರ ಬಿಗಿದು ಎರಡು ತುದಿಗೂ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದೆ. ಅಕ್ಷರ ದಾರವನ್ನು ಮುಟ್ಟಿದ ಕೂಡಲೇ ವಿದ್ಯಾರ್ಥಿ ಬಾಯಲ್ಲಿ ‘ಟಿಣ್’ ಎನ್ನಬೇಕು, ಪದ ಮುಗಿಸಬೇಕು, ಎಂಟರ್ ಒತ್ತಬೇಕು. ಬಾಯಲ್ಲಿ ಏಕೆಂದರೆ, ನಾನು ಹಿಂದೆ ಕೈಕಟ್ಟಿ ಅಡ್ಡಾಡುವಾಗ ಯಾರ ಸಾಲು ಎಷ್ಟು ಹೊತ್ತಿಗೆ ಮುಗಿಯಿತೆಂದು ಕಿವಿಯಿಂದಲೇ ತಿಳಿಯುತ್ತಿತ್ತು. ಹದಿನಾರು ಮಕ್ಕಳು ಸರದಿಯ ಮೇಲೆ ಕೂತು ಟಿಣ್, ಟಿಣ್ ಎನ್ನತೊಡಗಿದಾಗ ನನಗೆ ಹೋದ ಜೀವ ಬಂದಂತಾಯಿತು. ಒಮ್ಮೆ ಪ್ರಾಂಶುಪಾಲರು ಒಳಗೆ ಬಂದವರು ದಾರ ಕಂಡು, ಆಯುಧಪೂಜೆಯದ್ದು ಇನ್ನೂ ತೆಗೆದಿಲ್ಲವೆಂದು ತಿಳಿದು, ಒಂದೊಂದು ಪರದೆಗೂ ಕೈ ಮುಗಿದು ಹೋದರು. ನಾನೂ ತಿದ್ದಲಿಲ್ಲ. ದೇವರ ಹೆಸರಿನಲ್ಲಿ ನಡೆಯುವ ವ್ಯವಸ್ಥೆಯನ್ನು ಯಾರೂ ಪ್ರಶ್ನಿಸುವುದಿಲ್ಲ.

ಆ ಹದಿನಾರು ಮಕ್ಕಳಲ್ಲಿ ಒಬ್ಬಳು ನಾಗವೇಣಿ. ಮಂಜಗುಣಿಯವಳು. ತಾಯಿ ಬೇರೆಯವರ ಗದ್ದೆಯಲ್ಲಿ ನಾಟಿ, ಕಳೆ, ಕೊಯ್ಲು ಎಂದು ಕೂಲಿಗೆ ಹೋಗುವವಳು. ನಾಗವೇಣಿ ಬೆಳಿಗ್ಗೆ ಮನೆಯ ಕೆಲಸ ಮುಗಿಸಿ, ಬಸ್ಸು ಹಿಡಿದು, ಹಾಜರಿ ಕರೆಯುವ ಮೊದಲೇ ಕೂತಿರುತ್ತಿದ್ದಳು. ಅವಳ ಬೆರಳು ಪ್ರಭು ಮಾಸ್ತರರು ಕಂಡಿದ್ದರೆ ಫೂಟುಪಟ್ಟಿ ಕೆಳಗಿಡುವಂಥ ಬೆರಳು. ಒಂದಕ್ಷರ ತಪ್ಪುತ್ತಿರಲಿಲ್ಲ. ಮಾತಿನಲ್ಲಿ ನನ್ನನ್ನು ಮೇಡಂ ಎನ್ನುತ್ತಿದ್ದಳು. ಗಾಬರಿಯಾದರೆ ಮಾತ್ರ ಮೇಡಂ ಮಾಯವಾಗಿ, ಪ್ರಾಥಮಿಕ ಶಾಲೆಯಲ್ಲಿ ಟೀಚರನ್ನು ಕರೆಯುತ್ತಿದ್ದ ‘ಅಕ್ಕೋರೆ’ ಹೊರಗೆ ಬರುತ್ತಿತ್ತು. ಕಾರವಾರದ ಬೈತಖೋಲ ಬಂದರಿನ ಹತ್ತಿರ, ಹಡಗಿನ ಸರಕಿನ ಕಾಗದಪತ್ರ ನೋಡುವ ಒಂದು ಖಾಸಗಿ ಕಚೇರಿಗೆ ಒಬ್ಬ ಸಹಾಯಕಿ ಬೇಕಾಗಿದ್ದಳು. ಕಂಪ್ಯೂಟರಿನಲ್ಲಿ ಒಂದು ಪತ್ರ ಮಾಡಿಸಿ ನೋಡುತ್ತಾರಂತೆ. ಪರೀಕ್ಷೆ ಸೋಮವಾರ ಹತ್ತಕ್ಕೆ. ನಾನು ನಾಗವೇಣಿಯ ಹೆಸರು ಕೊಟ್ಟೆ.

“ಇದು ಸಿಗದಿದ್ರೆ ದೀಪಾವಳಿ ಆದ ಮೇಲೆ ಗೇರುಬೀಜದ ಫ್ಯಾಕ್ಟರಿಗೆ ಹೋಗು ಅಂದಳು ಅಬ್ಬೆ” ಎಂದು ನಾಗವೇಣಿ ಹೇಳಿದಳು. ದೂರಿನ ದನಿಯಲ್ಲಿ ಅಲ್ಲ, ಬಸ್ಸಿನ ಹೊತ್ತು ಹೇಳುವ ದನಿಯಲ್ಲಿ. “ಬೀಜ ಸುಲ್ದು ಸುಲ್ದು, ಅದ್ರ ಎಣ್ಣೆ ತಾಗಿ, ನಮ್ಮ ದೊಡ್ಡಮ್ಮನ ಬೆರಳ ತುದಿ ಎಲ್ಲಾ ಸುಟ್ಟು ಕರ್ರಗಾಗ್ಯದೆ, ಮೇಡಂ.” ಹೇಳಿ ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡಳು. ನಾನೂ ನೋಡಿದೆ. ಅಂದಿನಿಂದ ಆ ಹತ್ತು ಬೆರಳುಗಳು ನನ್ನ ವೇಳಾಪಟ್ಟಿಗೆ ಸೇರಿದವು.

ಅವಳಿಗೊಂದು ಶಿಫಾರಸು ಪತ್ರ ಬೇಕಿತ್ತು. ಕಾಲೇಜಿನ ಮುದ್ರಣಯಂತ್ರ ಎಂದಿನಂತೆ ಕಾಗದ ನುಂಗಿ ಕೂತಿತ್ತು. ಶುಕ್ರವಾರ ಸಂಜೆ ಕಾರವಾರದಲ್ಲಿ ಬಸ್ಸಿಳಿದವಳು ಶೈಲಾಳ ಕಂಪ್ಯೂಟರ್ ಅಂಗಡಿಗೆ ಹೋದೆ. ಶೈಲಾ ಚಿತ್ತಾಕುಲದ ಹುಡುಗಿ. ದಿನಾ ಕಾಳಿ ನದಿಯ ಸೇತುವೆ ದಾಟಿ ಬಂದು ಅಂಗಡಿ ತೆರೆಯುತ್ತಿದ್ದಳು. ಕೊಂಕಣಿಯಲ್ಲಿ ಬೈಯುತ್ತಾಳೆ, ಕನ್ನಡದಲ್ಲಿ ಉಪಚಾರ ಮಾಡುತ್ತಾಳೆ. “ನಾನೇ ಟೈಪ್ ಮಾಡುತ್ತೇನೆ” ಎಂದು ಗತ್ತಿನಿಂದ ಕೂತೆ. ದಾರ ಇರಲಿಲ್ಲ, ಅಂದಾಜಿನ ಮೇಲೆ ಒಳಗೇ ಟಿಣ್ ಎಂದುಕೊಂಡು ಒಂದೊಂದು ಸಾಲಿಗೂ ಎಂಟರ್ ಒತ್ತಿ, ‘ಕಂಪ್ಯೂಟರಿನಲ್ಲಿ ಕಚೇರಿ ಪತ್ರಗಳನ್ನು ಸಿದ್ಧಪಡಿಸುವುದರಲ್ಲಿ ಈಕೆ ಪರಿಣತಳು, ನಾನೇ ಕಲಿಸಿದ್ದೇನೆ’ ಎಂದು ಮುಗಿಸಿದೆ.

“ಅಕ್ಷರ ಸಣ್ಣ ಆಯ್ತು ಮೇಡಂ, ದೊಡ್ಡ ಮಾಡ್ತೆ ತಡೀರಿ” ಎಂದು ಶೈಲಾ ಏನನ್ನೋ ಒತ್ತಿದಳು. ನನ್ನ ಪತ್ರ ಕಣ್ಣೆದುರೇ ಚಿಂದಿಯಾಯಿತು. ಒಂದು ಉದ್ದ ಸಾಲು, ಕೆಳಗೆ ಎರಡೇ ಪದದ ತುಂಡು ಸಾಲು. ಮತ್ತೆ ಉದ್ದ, ಮತ್ತೆ ತುಂಡು. ಹಲ್ಲು ಬಿದ್ದ ಬಾಚಣಿಗೆಯ ಹಾಗೆ. ‘ಪರಿಣತಳು’ ಎಂಬ ಪದ ಒಂದೇ ಒಂದು ಸಾಲಿನಲ್ಲಿ ಅನಾಥವಾಗಿ ನಿಂತಿತ್ತು.

“ಯಂತ್ರ ಕೆಟ್ಟಿದೆ” ಎಂದೆ.

“ಯಂತ್ರ ಕೆಟ್ಟಿಲ್ಲ. ನೀವು ಪ್ರತೀ ಸಾಲಿಗೂ ಎಂಟರ್ ಒತ್ತೀರಿ ನೋಡಿ, ಅದ್ಕೇ. ಸುಮ್ನೆ ಟೈಪ್ ಮಾಡ್ತಾ ಹೋದ್ರೆ ಸಾಲು ತಾನೇ ಕೆಳಗೆ ಬತ್ತದೆ. ಪ್ಯಾರಾ ಮುಗ್ದಾಗ ಮಾತ್ರ ಎಂಟರ್.” ಇಷ್ಟು ಹೇಳಿ, ಏನೋ ನೆನಪಾದವಳಂತೆ ಕುರ್ಚಿ ತಿರುಗಿಸಿ ಕೂತಳು. “ಹಾಂ ಮೇಡಂ, ಕೇಳ್ಬೇಕು ಅಂತಿದ್ದೆ. ನೀವು ಅಂಕೋಲೆ ಕಾಲೇಜಲ್ವಾ? ಅಲ್ಲಿನ ಮಕ್ಕಳು ಇಲ್ಲಿ ಬಂದ್ರೆ ಮೊದ್ಲು ಬಸ್ ಟಿಕೇಟಿಗೆ ಎಂಜಲು ಹಚ್ಚಿ ಪರದೆಗೆ ಅಂಟಿಸ್ತವೆ. ಆಮೇಲೆ ಸಾಲಿಗೊಂದ್ಸಲ ಬಾಯಲ್ಲಿ ಟಿಣ್ ಅಂತವೆ. ಯಾರು ಕಲಿಸಿದ್ದು ಮಾರಾಯ್ರೆ ಅದು? ಏನಾದ್ರೂ ವ್ರತವಾ?”

ಪತ್ರವನ್ನು ಸರಿಮಾಡಿಸಿಕೊಂಡು ಹೇಗೆ ಮನೆಗೆ ಬಂದೆನೋ ಗೊತ್ತಿಲ್ಲ. ಹಾಲು ಉಕ್ಕುವ ಮೊದಲೇ ಒಲೆಯಿಂದ ಇಳಿಸುವ ಶಿಸ್ತಿನವಳು ನಾನು. ಉಕ್ಕಿದರೆ ಏನಾಗುತ್ತದೆಂದು ನೋಡಿದವಳೇ ಅಲ್ಲ. ಸಾಲು ತುಂಬುವ ಮೊದಲೇ ಯಾವಾಗಲೂ ಎಂಟರ್ ಒತ್ತುತ್ತಿದ್ದವಳಿಗೆ, ಅದು ತುಂಬಿದರೆ ತಾನೇ ತಿರುಗುತ್ತದೆಂದು ತಿಳಿಯುವುದಾದರೂ ಹೇಗೆ? ತರಬೇತಿಯ ಹುಡುಗ ಹೇಳಿದ್ದು ಸುಳ್ಳಲ್ಲ, ಅರ್ಧ. ಆ ಅರ್ಧಕ್ಕೆ ನಾನು ಕೆಂಪು ಗೆರೆ ಎಳೆದು, ದಾರ ಕಟ್ಟಿ, ದನಿಯನ್ನೂ ಕೊಟ್ಟಿದ್ದೆ. ಬದಲಾಗುತ್ತಿರುವ ಕಚೇರಿಗೆ ಮಕ್ಕಳನ್ನು ತಯಾರು ಮಾಡುತ್ತಿದ್ದೇನೆ ಎಂದುಕೊಂಡು, ಹದಿನಾರು ಜನರನ್ನು ಹಳೇ ಟೈಪ್‌ರೈಟರುಗಳಾಗಿ ಪರಿವರ್ತಿಸಿದ್ದೆ. ಅದರಲ್ಲಿ ಒಂದು ಟೈಪ್‌ರೈಟರು ಸೋಮವಾರ ಹತ್ತು ಗಂಟೆಗೆ ಬೈತಖೋಲದಲ್ಲಿ ಕೂತು ಟಿಣ್ ಎನ್ನಲಿತ್ತು.

ಶನಿವಾರ ಬೆಳಿಗ್ಗೆ, ಎಲ್ಲವನ್ನೂ ಹೇಳಿಬಿಡಬೇಕೆಂದು ಬಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡು ಹೋದೆ. ‘ಮಕ್ಕಳೇ, ನಾನು ಕಲಿಸಿದ್ದರಲ್ಲಿ ಒಂದು ತಪ್ಪಿದೆ.’ ಒಂಬತ್ತು ಸಲ ಒಳಗೇ ಹೇಳಿ ನೋಡಿದೆ. ಅಮದಳ್ಳಿ ದಾಟುವ ಹೊತ್ತಿಗೆ ಬಾಯಿಪಾಠವಾಗಿತ್ತು. ತರಗತಿಯೊಳಗೆ ಕಾಲಿಟ್ಟೆ. ಅಂದು ಅವರು ಎಂದಿಗಿಂತ ಚೆನ್ನಾಗಿ ಟಿಣ್ ಎನ್ನುತ್ತಿದ್ದರು. ನನ್ನನ್ನು ಕಂಡ ಕೂಡಲೇ ಬೆನ್ನು ನೆಟ್ಟಗಾಯಿತು, ದನಿ ಗಟ್ಟಿಯಾಯಿತು. ಬಾಯಿ ತೆರೆದೆ. ಇಷ್ಟು ವರ್ಷ ತರಗತಿಯಲ್ಲಿ ತಪ್ಪು ಎಂಬ ಪದವನ್ನು ನಾನು ಬೇರೆಯವರಿಗೆ ಮಾತ್ರ ಬಳಸಿದ್ದೆ. ನನಗೆ ಬಳಸಲು ಹೊರಟವಳು, ಬದಲಿಗೆ ಹಾಜರಿ ಕರೆದೆ. ಕೊನೆಗೆ ನಾಗವೇಣಿಯೇ ಎದ್ದು ಬಂದು, “ಮೇಡಂ, ಸೋಮವಾರಕ್ಕೆ ನಾ ಎಂಥಾ ಜಾಗ್ರತೆ ಮಾಡಬೇಕು?” ಎಂದು ಕೇಳಿದಳು.

ದೇವರೇ ಬಾಗಿಲು ತೆರೆದು ಕೊಟ್ಟಂತಿತ್ತು. ನಾನು ಕನ್ನಡಕ ತೆಗೆದು ಒರೆಸಿದೆ, ಮತ್ತೆ ಹಾಕಿದೆ. “ಉಗುರು ಕತ್ತರಿಸಿಕೊಂಡು ಹೋಗು” ಎಂದೆ.

ಭಾನುವಾರ ಎಂಬುದನ್ನು ನಾನು ಹೇಗೆ ಕಳೆದೆ ಎಂದು ಹೇಳಿ ಪ್ರಯೋಜನವಿಲ್ಲ. ನಾಗವೇಣಿಯ ಮನೆಯಲ್ಲಿ ಫೋನಿರಲಿಲ್ಲ. ಬೆಳಗಿನ ಚಹಕ್ಕೆ ಉಪ್ಪು ಹಾಕಿದೆ. ಮಧ್ಯಾಹ್ನ ಬಂಗಡೆಯ ಸಾರಿಗೆ ಹುಳಿ ಹಾಕುವುದನ್ನೇ ಮರೆತೆ, ನಮ್ಮ ಯಜಮಾನರು ಎರಡು ತುತ್ತು ಉಂಡು, “ಯಾರಾದರೂ ತೀರಿಕೊಂಡರೇ?” ಎಂದು ಕೇಳಿದರು. ಸಂಜೆ ಐದಕ್ಕೆ ಒಂದು ತೀರ್ಮಾನಕ್ಕೆ ಬಂದೆ. ಇಡೀ ತರಗತಿಯ ಎದುರು ಆಗದಿದ್ದರೆ ಬೇಡ, ಅವಳೊಬ್ಬಳಿಗಾದರೂ ಹೇಳಬೇಕು. ರಜೆಯ ಅರ್ಜಿ ಬರೆದೆ. ಕಾರಣದ ಸಾಲಿನಲ್ಲಿ ‘ಅನಾರೋಗ್ಯ’ ಎಂದು ಬರೆದದ್ದು ಸುಳ್ಳೇನೂ ಆಗಿರಲಿಲ್ಲ.

ಸೋಮವಾರ ಒಂಬತ್ತಕ್ಕೇ ಬೈತಖೋಲದಲ್ಲಿದ್ದೆ. ಕಚೇರಿ ಮೊದಲ ಮಹಡಿಯಲ್ಲಿ. ಹೊರಗಡೆಯಿಂದ ಕಲ್ಲಿನ ಮೆಟ್ಟಿಲು. ಎದುರಿಗೆ ಧಕ್ಕೆಯಲ್ಲಿ ಟ್ರಾಲರುಗಳಿಂದ ಮೀನಿನ ಬುಟ್ಟಿ ಇಳಿಯುತ್ತಿದ್ದವು, ಹರಾಜಿನ ಕೂಗು ಏರುತ್ತಿತ್ತು. ಇಸ್ತ್ರಿ ಸೀರೆಯುಟ್ಟು, ಕೊಡೆ ಹಿಡಿದು, ಮೆಟ್ಟಿಲ ಮೇಲೆ ಕೂತ ನನ್ನನ್ನು ಕಂಡು ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಂತಳು. “ಬಾಯೋರೆ, ಮೀನು ಬೇಕಾ?” ಬೇಡವೆಂದೆ. “ಮತ್ತೆ ಯಾರ ದಾರಿ ಕಾಯ್ತ್ರಿ? ಮಗಳ ನೆಂಟಸ್ತಿಕೆಯಾ?” ಅಲ್ಲವೆಂದೆ. “ಮೋರೆ ನೋಡ್ರೆ ಹಂಗೇ ಅದೆ” ಎಂದು ನಕ್ಕು ಹೋದಳು.

ನಾಗವೇಣಿ ಬಂದದ್ದು ಒಂಬತ್ತೂ ನಲವತ್ತಕ್ಕೆ. ಅಬ್ಬಲಿಗೆ ಹೂ ಮುಡಿದಿದ್ದಳು. ನನ್ನನ್ನು ಕಂಡು ಮೊದಲು ಖುಷಿಪಟ್ಟಳು; ಆಮೇಲೆ ನನ್ನ ಮುಖ ಕಂಡು ಹೆದರಿದಳು. ನಾನು ಅವಳನ್ನು ಪಕ್ಕದಲ್ಲಿ ಕೂರಿಸಿ, ಸುತ್ತಮುತ್ತ ನೋಡಿ, ಕಳ್ಳಸಾಗಾಣಿಕೆಯವರ ದನಿಯಲ್ಲಿ ಹೇಳಿದೆ. “ಸಾಲಿನ ಕೊನೆಗೆ ಎಂಟರ್ ಒತ್ತಬಾರದು. ನಾನು ಕಲಿಸಿದ್ದು ತಪ್ಪು.”

“ಅಕ್ಕೋರೆ!” ಎಂದಳು. “ಎಂಥಾ ಹೇಳ್ತ್ರಿ? ಹಂಗಾರೆ ಸಾಲು ಮುಗ್ದ್ರೆ ಎಂಥಾ ಆಗೂದು?”

“ತಾನೇ ತಿರುಗುತ್ತದೆ.”

“ತಾನೇ?” ಅವಳು ಹೊಳೆ ಸಮುದ್ರ ಸೇರುವ ಅಳಿವೆಯ ಊರಿನವಳು. ಸ್ವಲ್ಪ ಯೋಚಿಸಿ, “ದಂಡೆ ಸಿಕ್ಕಿದ್ರೆ ಹೊಳೆ ನೀರು ತಾನೇ ತಿರುಗ್ತದಲ್ಲ, ಹಂಗಾ? ನಾವು ಎಂಥಾ ಮುಟ್ಟೂಕಿಲ್ಲ?” ಎಂದಳು.

“ಹಾಗೇ. ಏನೂ ಮುಟ್ಟಬೇಡ. ಎಂಟರ್ ಕಡೆಗೆ ನೋಡಲೂ ಬೇಡ.”

“ಟಿಣ್ ಅನ್ನೂದು?”

“ಅದೂ ಬೇಡ.”

ಅವಳು ಬಲಗೈಯ ಕಿರುಬೆರಳನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಅದು ತಾನಾಗಿ ಎಲ್ಲಿ ಓಡಿಹೋದೀತೋ ಎಂಬ ಹಾಗೆ, ಮೆಟ್ಟಿಲು ಹತ್ತಿದಳು. ಮೇಲೆ ಬಾಗಿಲು ಮುಚ್ಚಿತು. ನನಗೆ ಮೂರು ದಿನಗಳ ನಂತರ ಮೊದಲ ಬಾರಿಗೆ ಪೂರ್ತಿ ಉಸಿರು ಬಂತು. ಹೇಳಿಬಿಟ್ಟೆ! ಎಷ್ಟು ಸುಲಭ! ಆ ಸಂತೋಷ ಎರಡು ಬುಟ್ಟಿ ಮೀನು ಹರಾಜಾಗುವಷ್ಟು ಹೊತ್ತು ಇತ್ತು. ಆಮೇಲೆ ಶೈಲಾ ಹೇಳಿದ ಮಾತಿನ ಉಳಿದ ಅರ್ಧ ನೆನಪಿಗೆ ಬಂತು. ‘ಪ್ಯಾರಾ ಮುಗ್ದಾಗ ಮಾತ್ರ ಎಂಟರ್.’ ಅದನ್ನು ನಾನು ಹೇಳಿರಲೇ ಇಲ್ಲ. ನೋಡಲೂ ಬೇಡ ಎಂದಿದ್ದೆ. ನಾನು ಮಾಡಬೇಡವೆಂದದ್ದನ್ನು ಆ ಹುಡುಗಿ ಜನ್ಮದಲ್ಲಿ ಮಾಡಿದವಳಲ್ಲ.

ಎದ್ದು ಮೆಟ್ಟಿಲು ಹತ್ತಿದೆ. ಮೇಲಿನ ಕಾವಲುಗಾರ ಕೈ ಅಡ್ಡ ಹಿಡಿದ. “ಪರೀಕ್ಷೆ ನಡೀತಾ ಇದೆ ಬಾಯೋರೆ.” ಒಂದೇ ಮಾತು ಹೇಳಬೇಕೆಂದೆ. “ಎಲ್ಲಾ ತಾಯಂದ್ರೂ ಹಂಗೇ ಹೇಳೂದು. ಕೆಳಗೆ ಕೂತ್ಕಳ್ಳಿ.” ನಾನು ಎಷ್ಟೋ ವರ್ಷ ಪರೀಕ್ಷಾ ಕೋಣೆಯ ಬಾಗಿಲಲ್ಲಿ ನಿಂತು ಇದೇ ಮಾತನ್ನು ಎಷ್ಟೋ ತಾಯಂದಿರಿಗೆ ಹೇಳಿದ್ದೆ. ಕೆಳಗೆ ಬಂದು ಕೂತೆ. ಮೇಲಿನ ಕಿಟಕಿಯಿಂದ ಕೀಲಿಗಳ ಸದ್ದು ಕೇಳುತ್ತಿತ್ತು. ಅವಳ ಸದ್ದು ನನಗೆ ಗೊತ್ತಾಗುತ್ತಿತ್ತು: ಒಂದೇ ಸಮನೆ, ಮಳೆ ಹನಿಯ ಹಾಗೆ. ಅರವತ್ತಕ್ಕೆ ನಿಲ್ಲಲಿಲ್ಲ. ನೂರಿಪ್ಪತ್ತಕ್ಕೂ ನಿಲ್ಲಲಿಲ್ಲ. ನಿಲ್ಲು ತಾಯಿ, ಒಮ್ಮೆಯಾದರೂ ಒತ್ತು, ಎಂದು ಕಣ್ಣು ಮುಚ್ಚಿ ಬೇಡಿಕೊಂಡೆ. ಕೊಡೆಯ ಹಿಡಿ ಬೆವರಿನಲ್ಲಿ ಜಾರಿ ಎರಡು ಸಲ ಬಿತ್ತು. ಕಣ್ಣೆದುರು ಬರುತ್ತಿದ್ದದ್ದು ಒಂದೇ: ಗೇರು ಎಣ್ಣೆಗೆ ಸುಟ್ಟು ಕಪ್ಪಾದ ಹತ್ತು ಬೆರಳ ತುದಿಗಳು. ಅಷ್ಟರಲ್ಲಿ ಮೀನಿನ ಹೆಂಗಸು ಖಾಲಿ ಬುಟ್ಟಿ ಹೊತ್ತು ವಾಪಸು ಬಂದಳು. ನನ್ನನ್ನು ನೋಡಿ, ಈ ಸಲ ನಗದೆ, “ನೆಂಟಸ್ತಿಕೆ ಮುರೀತಾ?” ಎಂದು ಕೇಳಿದಳು.

ಹನ್ನೊಂದೂವರೆಗೆ ನಾಗವೇಣಿ ಇಳಿದು ಬಂದಳು. ಹಿಂದೆಯೇ ಕಚೇರಿಯ ಮ್ಯಾನೇಜರು, ಅರ್ಧ ಬೋಳುತಲೆಯ ಮನುಷ್ಯ, ಕೈಯಲ್ಲಿ ಒಂದು ಹಾಳೆ ಹಿಡಿದು ಬಂದರು. ನಾನು ಎದ್ದು ನಿಂತೆ. ಶಾಲೆಯಲ್ಲಿ ಮಾಸ್ತರರೆದುರು ನಿಲ್ಲುತ್ತಿದ್ದ ಹಾಗೆ ಎರಡೂ ಕೈ ಬದಿಗೆ ಬಂದವು.

“ಇವ್ರೇ ಏನು ನಿಮ್ಮ ಮೇಡಂ?” ಎಂದು ನಾಗವೇಣಿಯನ್ನು ಕೇಳಿ, ಹಾಳೆಯನ್ನು ನನ್ನ ಮುಂದೆ ಹಿಡಿದರು. ವಿಳಾಸ, ತಾರೀಕು, ಮಾನ್ಯರೇ, ವಿಷಯ, ನಾಲ್ಕು ಪ್ಯಾರಾ, ಇಂತಿ ನಿಮ್ಮ ವಿಶ್ವಾಸಿ, ಎಲ್ಲವೂ ಸೇರಿ ಒಂದೇ ಒಂದು ಇಟ್ಟಿಗೆಯಾಗಿತ್ತು. ಮೇಲಿನಿಂದ ಕೆಳಗೆ ಗಾಳಿಯಾಡಲು ಒಂದು ಸಂದಿಯಿಲ್ಲ. “ಉಸಿರು ಕಟ್ಟಿ ನೀರಿಗೆ ಬಿದ್ದವರ ಹಂಗೆ ಬರ್ದಾಳೆ ನೋಡಿ” ಎಂದರು. “ಯಾಕೆ ಹೀಗೆ ಅಂತ ಕೇಳ್ದೆ. ‘ಎಂಟರ್ ಒತ್ತಬಾರದು ಅಂತ ಕಲ್ತಿದ್ದು ಇವತ್ತೇ ಸರ್, ಪರೀಕ್ಷೆಗೆ ಕಾಲು ಗಂಟೆ ಮೊದ್ಲು’ ಅಂದಳು. ಎಲ್ಲಿ ಕಲ್ತೆ ಅಂದೆ. ‘ನಿಮ್ಮ ಮೆಟ್ಟಿಲ ಮೇಲೆ’ ಅಂದಳು.”

ನನಗೆ ಧಕ್ಕೆಯ ಅಂಚು ಎಷ್ಟು ದೂರ ಎಂದು ಲೆಕ್ಕ ಹಾಕುವ ಹಾಗಾಯಿತು. “ತಪ್ಪು ನನ್ನದು” ಎಂದೆ. ಆಶ್ಚರ್ಯ: ಆ ಪದ ಈ ಸಲ ತಾನೇ ಹೊರಗೆ ಬಂತು. “ಮೊದಲು ಕಲಿಸಿದ್ದೂ ತಪ್ಪು, ಈಗ ಕಲಿಸಿದ್ದು ಅರ್ಧ. ಅವಳದ್ದು ಏನೂ ಇಲ್ಲ.”

ಮ್ಯಾನೇಜರು ಹಾಳೆಯನ್ನು ತಿರುಗಿಸಿ ತಾವೇ ಇನ್ನೊಮ್ಮೆ ನೋಡಿದರು. “ನಾಲ್ಕು ಜನ ಬಂದಿದ್ರು ಇವತ್ತು. ಉಳ್ದ ಮೂವರದ್ದು ನೋಡೂಕೆ ಚಂದ. ದಪ್ಪ ಅಕ್ಷರ, ಓರೆ ಅಕ್ಷರ, ಸುತ್ತ ಹೂವಿನ ಚೌಕಟ್ಟು. ಹಡಗಿನ ಹೆಸ್ರು ಮಾತ್ರ ಮೂವರದ್ದೂ ತಪ್ಪು. ಇಲ್ಲಿ ಹಡಗಿನ ಹೆಸ್ರಲ್ಲಿ ಒಂದಕ್ಷರ ತಪ್ಪಿದ್ರೆ ಲಾರಿ ಗೇಟಿನಲ್ಲೇ ನಿಲ್ತದೆ. ಈ ಹುಡುಗಿದು ಒಂದೂ ತಪ್ಪಿಲ್ಲ. ಪ್ಯಾರಾ ಮಾಡೂದು ನಾನು ಐದು ನಿಮಿಷದಲ್ಲಿ ಕಲಿಸ್ತೆ. ತಪ್ಪಿಲ್ದೆ ಮಾಡೂದು ನಂಗೆ ಕಲಿಸೂಕೆ ಬರೂದಿಲ್ಲ.” ಮೂರು ತಿಂಗಳು ನೋಡುತ್ತೇನೆ, ಸರಿಹೋದರೆ ಖಾಯಂ, ಒಂದನೇ ತಾರೀಕಿಗೆ ಬರಲಿ ಎಂದರು. ಮೇಲೆ ಹೋಗುವಾಗ ತಿರುಗಿ, “ಮೇಡಂ, ಮುಂದಿನ ವರ್ಷ ಯಾರನ್ನಾದ್ರೂ ಕಳಿಸೂದಾದ್ರೆ ಒಂದು ದಿನ ಮೊದ್ಲೇ ಮೆಟ್ಟಿಲ ಮೇಲೆ ಕೂರ್ಸಿ” ಎಂದರು.

ನಾವಿಬ್ಬರೂ ಬಸ್ ನಿಲ್ದಾಣದ ತನಕ ನಡೆದೆವು. ನನಗೆ ಅಳು ಬರುವ ಹಾಗಿತ್ತು; ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲವಾದ್ದರಿಂದ ಮೂಗು ಒರೆಸಿಕೊಂಡೆ. ನಾಗವೇಣಿ ಮಾತ್ರ ಏನನ್ನೋ ಯೋಚಿಸುತ್ತಿದ್ದಳು. ಅಂಕೋಲೆಯ ಬಸ್ಸು ತಿರುವಿನಲ್ಲಿ ಕಂಡಾಗ ಕೇಳಿದಳು:

“ಮೇಡಂ, ನಂಗೆ ಇಲ್ಲಿ ಮೆಟ್ಟಿಲ ಮೇಲೆ ಹೇಳಿದ್ರಿ. ಉಳ್ದ ಹದಿನೈದು ಜನಕ್ಕೆ ಯಾವ ಮೆಟ್ಟಿಲ ಮೇಲೆ ಹೇಳ್ತ್ರಿ?”

ಉತ್ತರಕ್ಕೆ ಕಾಯದೆ ಬಸ್ಸು ಹತ್ತಿದಳು. ಮೇಡಂ ಎಂದೇ ಕರೆದಿದ್ದಳು. ಅಂದರೆ ಈಗ ಅವಳಿಗೆ ಗಾಬರಿಯಿರಲಿಲ್ಲ. ಅದೆಲ್ಲ ಪೂರ್ತಿಯಾಗಿ ನನ್ನ ಪಾಲಿಗೆ ಬಂದಿತ್ತು.

ಮಂಗಳವಾರ ಬೆಳಿಗ್ಗೆ ತರಗತಿ ಶುರುವಾಗುವ ಮೊದಲೇ ಕತ್ತರಿ ಹಿಡಿದು ಹೋಗಿ ಆರೂ ದಾರ ಕತ್ತರಿಸಿದೆ. ಬಾಗಿಲಲ್ಲಿ ಹಾದುಹೋಗುತ್ತಿದ್ದ ಪ್ರಾಂಶುಪಾಲರು ಇಣುಕಿ, “ವಿಸರ್ಜನೆ ಆಯ್ತಾ ಮೇಡಂ?” ಎಂದು ಭಕ್ತಿಯಿಂದ ಕೇಳಿದರು. ಆಯಿತೆಂದೆ. ಮಕ್ಕಳು ಬಂದರು. ಬೋಳು ಪರದೆ ಕಂಡು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಮೇಜನ್ನು ಹಿಡಿದು ನಿಂತೆ. “ಮಕ್ಕಳೇ, ನಾನು ಕಲಿಸಿದ್ದರಲ್ಲಿ ಒಂದು ತಪ್ಪಿದೆ” ಎಂದೆ. ಎಲ್ಲವನ್ನೂ ಹೇಳಿದೆ, ಈ ಸಲ ಎರಡೂ ಅರ್ಧ ಹೇಳಿದೆ. ಸಾಲು ತಾನೇ ತಿರುಗುತ್ತದೆ, ಪ್ಯಾರಾ ಮುಗಿದರೆ ಮಾತ್ರ ಎಂಟರ್. ಟಿಣ್ ಎನ್ನುವ ಪದ್ಧತಿ ಈ ಕ್ಷಣದಿಂದ ರದ್ದು, ಅಂದವರನ್ನು ಹೊರಗೆ ನಿಲ್ಲಿಸುತ್ತೇನೆ ಎಂದೆ. ಕೊನೆಯ ಮಾತು ಬೇಕಿರಲಿಲ್ಲ. ಅಷ್ಟು ತಪ್ಪೊಪ್ಪಿಕೊಂಡ ಮೇಲೆ ಸ್ವಲ್ಪ ಗದರದಿದ್ದರೆ ನಿಲ್ಲಲಾಗುತ್ತಿರಲಿಲ್ಲ. ಯಾರೂ ನಗಲಿಲ್ಲ. ಆಕಾಶವೂ ಬೀಳಲಿಲ್ಲ. ನಾಗವೇಣಿ ತಲೆಬಗ್ಗಿಸಿ ಕೀಲಿಗಳ ಮೇಲೆ ಬೆರಳಿಟ್ಟಳು.

ಕೀಲಿಗಳ ಸದ್ದು ಶುರುವಾಯಿತು. ನಾನು ಎಂದಿನಂತೆ ಕೈಕಟ್ಟಿಕೊಂಡು ಅವರ ಹಿಂದೆ ಅಡ್ಡಾಡಿದೆ. ಆರು ಪರದೆಗಳ ಮೇಲೆ ಅಕ್ಷರಗಳು ಓಡಿ, ಅಂಚು ಮುಟ್ಟಿ, ಯಾರ ಅಪ್ಪಣೆಯನ್ನೂ ಕೇಳದೆ ಕೆಳಗಿಳಿಯುತ್ತಿದ್ದವು. ನೋಡಲು ಚಂದವಿತ್ತು, ಸ್ವಲ್ಪ ಭಯವೂ ಆಗುತ್ತಿತ್ತು. ಆಗ, ಆ ಶಿಸ್ತಿನ ಮೌನದ ನಡುವೆ, ಸ್ಪಷ್ಟವಾಗಿ ಒಂದು ಟಿಣ್ ಕೇಳಿಸಿತು.

“ಯಾರದು?” ಎಂದು ಗದರಿದೆ.

ಕೀಲಿಗಳು ನಿಂತವು. ಹದಿನಾರು ಮುಖಗಳು ಹಿಂದಕ್ಕೆ ತಿರುಗಿದವು. ಕೊನೆಗೆ ನಾಗವೇಣಿಯೇ, ಬಲು ಮೆಲ್ಲಗೆ, ಹೇಳಿದಳು:

“ನೀವೇ, ಮೇಡಂ.”